ಗ್ಯಾಸ್: ಬಾವಿಯಿಂದ ಬಚ್ಚಲುಮನೆಯವರೆಗೆ

ಪ್ರಶ್ನೆ: ನಮ್ಮ ಮನೆ ಮಡಿಕೇರಿಯ ಮಹದೇವಪೇಟೆಯಲ್ಲಿದೆ. ಮೇಲಿನ ಮಹಡಿಯ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಮಕ್ಕಂದೂರು ಕಡೆ ಸ್ವಲ್ಪ ಕಾಫಿ ತೋಟ, ಗದ್ದೆ ಇದೆ. ಗದ್ದೆ ಬದಿಯಲ್ಲಿ ಈ ಬೇಸಿಗೆ ಕೊರೆಸಿದ ಬೋರ್‌ವೆಲ್‌ನಲ್ಲಿ ನೀರಿನ ಜೊತೆ ಗುಳ್ಳೆ ಬರುತ್ತಿದೆ. ಕೆಳಗೆ ಗ್ಯಾಸ್ ಇದೆ, ಮುಂದೆ ಕಂಪನಿಯವರು ಬಂದು ಕೊರೆಯುತ್ತಾರೆ ಎಂದು ಊರಲ್ಲಿ ಮಾತು. ಹೊರದೇಶಗಳಲ್ಲಿ ಪೇಟೆಯ ಒಳಗೇ ಗ್ಯಾಸ್ ತೆಗೆಯುತ್ತಾರಂತೆ. ಅದು ಎಷ್ಟು ಸುರಕ್ಷಿತ? ನಮ್ಮ ಇಕ್ಕಟ್ಟು ಬೀದಿಗೆ ಪೈಪ್ ಗ್ಯಾಸ್ ಬಂದರೆ ಸಿಲಿಂಡರಿಗಿಂತ ಒಳ್ಳೆಯದೇ?

ಉತ್ತರ: ಊರಿನ ಮಾತೆಲ್ಲ ಹುಟ್ಟಿರುವುದು ಬೋರ್‌ವೆಲ್ಲಿನ ಗುಳ್ಳೆಯಿಂದ, ಹಾಗಾಗಿ ಅಲ್ಲಿಂದಲೇ ಶುರುಮಾಡೋಣ. ಹೊಸದಾಗಿ ಕೊರೆಸಿದ ಬಾವಿಯಲ್ಲಿ ಗುಳ್ಳೆ ಕಂಡರೆ ಮೊದಲು ಅನುಮಾನಿಸಬೇಕಾದ್ದು ಬರೀ ಗಾಳಿಯನ್ನು. ಕಲ್ಲುಪುಡಿಯನ್ನು ಮೇಲೆತ್ತಲು ರಿಗ್ಗಿನ ಕಂಪ್ರೆಸರ್ ಭಾರೀ ಒತ್ತಡದಲ್ಲಿ ಗಾಳಿ ಊದುತ್ತದೆ. ಅದರಲ್ಲಿ ಒಂದಷ್ಟು ಬಂಡೆಯ ಬಿರುಕುಗಳಿಗೆ ನುಗ್ಗಿ, ಪಂಪು ಇಳಿಸಿದ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೀರಿನೊಂದಿಗೆ ವಾಪಸು ಬರುತ್ತದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಪಂಪಿನ ತನಕ ಇಳಿದರೆ ಪಂಪೇ ಗಾಳಿ ಎಳೆಯುತ್ತದೆ. ಮೇಲಿನ ಬಿರುಕಿನಿಂದ ಕೇಸಿಂಗ್ (ಬಾವಿಯ ಗೋಡೆ ಕುಸಿಯದಂತೆ ಇಳಿಸುವ ಕೊಳವೆ) ಒಳಗೆ ನೀರು ಧುಮುಕುತ್ತಿದ್ದರೂ ಗಾಳಿ ಬೆರೆಯುತ್ತದೆ. ಗಾಜಿನ ಲೋಟದಲ್ಲಿ ನೀರು ಹಿಡಿಯಿರಿ. ಹಾಲಿನಂತೆ ಬೆಳ್ಳಗಿದ್ದು, ಒಂದೆರಡು ನಿಮಿಷದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದರಲ್ಲಿ ಸಣ್ಣ ಅನಿಲ ಗುಳ್ಳೆಗಳಿದ್ದವು ಎಂದಷ್ಟೇ ಅರ್ಥ. ಯಾವ ಅನಿಲ ಎಂದು ಲೋಟ ಹೇಳುವುದಿಲ್ಲ.

ನಿಮ್ಮದು ಗದ್ದೆ ಬದಿ ಎಂದಿದ್ದೀರಿ. ಹಾಗಾಗಿ ಇನ್ನೊಂದು ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಕೊಡಗಿನ ಗದ್ದೆ ಬೈಲುಗಳಲ್ಲಿ ಶತಮಾನಗಳಿಂದ ಕೊಳೆತ ಹುಲ್ಲು, ಎಲೆ, ಬೇರು ಕಪ್ಪು ಜೇಡಿಯೊಳಗೆ ಸೇರಿಕೊಂಡಿದೆ. ಗಾಳಿ ಆಡದ ಆ ಕೆಸರಿನಲ್ಲಿ ಸೂಕ್ಷ್ಮಾಣುಗಳು ಮೀಥೇನ್ ಎಂಬ ಉರಿಯುವ ಅನಿಲ ಮಾಡುತ್ತವೆ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ನಡೆಯುವುದೂ ಇದೇ ಕೆಲಸ. ಕೇಸಿಂಗನ್ನು ಗಟ್ಟಿ ಬಂಡೆಯ ತನಕ ಇಳಿಸದೆ ಮೇಲೆಯೇ ನಿಲ್ಲಿಸಿದ್ದರೆ ಈ ಅನಿಲ ಬಾವಿಯೊಳಗೆ ಬರುತ್ತದೆ. ಪ್ರಮಾಣ ಅತ್ಯಲ್ಪ, ಒಲೆ ಉರಿಸುವಷ್ಟೂ ಅಲ್ಲ. ಆದರೆ ಮುಚ್ಚಿದ ಪಂಪ್‌ಹೌಸಿನಲ್ಲಿ ರಾತ್ರಿಯೆಲ್ಲ ಸೇರಿಕೊಂಡು, ಬೆಳಗ್ಗೆ ಸ್ಟಾರ್ಟರ್ ಒತ್ತಿದಾಗ ಕಿಡಿ ಹಾರಿದರೆ ಶೆಡ್ಡಿನ ಶೀಟು ಎಗರಿಸಲು ಅಷ್ಟು ಸಾಕು.

ಇಂಥ ಕಡೆ ಬೆಂಕಿಕಡ್ಡಿ ಗೀರಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ದಯವಿಟ್ಟು ಬೇಡ. ಬಕೆಟ್ಟಿನಲ್ಲಿ ನೀರು ತುಂಬಿ, ಒಂದು ಲೀಟರಿನ ಬಾಟಲಿಯನ್ನೂ ತುಂಬಿ, ನೀರಿನೊಳಗೇ ಬೋರಲು ಹಿಡಿದು, ಪಂಪಿನ ಪೈಪಿನ ತುದಿಯನ್ನು ಅದರ ಬಾಯಿಯ ಕೆಳಗೆ ಇಡಿ. ಗುಳ್ಳೆಗಳು ಮೇಲೇರಿ ನೀರನ್ನು ಹೊರದೂಡುತ್ತವೆ. ತಳದಲ್ಲಿ ನಾಲ್ಕು ಬೆರಳು ನೀರು ಉಳಿದಿರುವಾಗಲೇ ನೀರೊಳಗೆ ಮುಚ್ಚಳ ಬಿಗಿದು, ಬೋರಲಾಗಿಯೇ ಪ್ರಯೋಗಾಲಯಕ್ಕೆ ಒಯ್ಯಿರಿ. ಅನಿಲಗಳನ್ನು ಬಿಡಿಸಿ ಗುರುತಿಸುವ ಗ್ಯಾಸ್ ಕ್ರೊಮೆಟೋಗ್ರಾಫ್ ಯಂತ್ರ ಇರುವಲ್ಲಿ ಮೀಥೇನ್ ಇದೆಯೇ, ಜೊತೆಗೆ ಈಥೇನ್, ಪ್ರೊಪೇನ್ ಇದೆಯೇ ಎಂದು ತಿಳಿಯುತ್ತದೆ. ಕೆಸರಿನ ಮೀಥೇನ್ ಒಂಟಿ; ಆಳದ ತೈಲಬಾವಿಯ ಮೀಥೇನ್ ಸಾಮಾನ್ಯವಾಗಿ ಈಥೇನ್, ಪ್ರೊಪೇನನ್ನು ಕರೆದುಕೊಂಡೇ ಬರುತ್ತದೆ. ಫಲಿತಾಂಶ ಬರುವ ತನಕ ಕೇಸಿಂಗಿನ ಬಾಯಿಗೆ ಗಾಳಿ ಕೊಳವೆ ಇರುವ ಮುಚ್ಚಳ ಹಾಕಿಸಿ, ಕೊಳವೆಯ ತುದಿಯನ್ನು ಶೆಡ್ಡಿನ ಹೊರಗೆ, ಮಾಡಿಗಿಂತ ಮೇಲಕ್ಕೆ ಬಿಡಿ. ಸ್ಟಾರ್ಟರ್ ಪೆಟ್ಟಿಗೆಯನ್ನು ಹೊರಗೋಡೆಗೆ ಸರಿಸಿ.

ಇನ್ನು ಕಂಪನಿಯವರು ಬಂದು ಕೊರೆಯುವ ಮಾತು. ಬರುವುದಿಲ್ಲ. ನೈಸರ್ಗಿಕ ಅನಿಲ ಹುಟ್ಟಬೇಕಾದರೆ ಜೀವಿಗಳ ಅವಶೇಷ ತುಂಬಿದ ಕೆಸರು ಪದರಪದರವಾಗಿ ಹೂತು, ಕಿಲೋಮೀಟರುಗಟ್ಟಲೆ ಆಳದಲ್ಲಿ ಹದವಾಗಿ ಬೇಯಬೇಕು. ಮೇಲೆ ಅದನ್ನು ಹಿಡಿದಿಡುವ ರಂಧ್ರಭರಿತ ಮರಳುಗಲ್ಲು ಇರಬೇಕು, ಅದರ ಮೇಲೆ ಸೋರದ ಜೇಡಿಗಲ್ಲಿನ ಮುಚ್ಚಳ ಇರಬೇಕು. ಕೃಷ್ಣಾ-ಗೋದಾವರಿ, ಕಾವೇರಿ ಮುಖಜ ಭೂಮಿ, ಅಸ್ಸಾಂ, ತ್ರಿಪುರಾ, ಖಂಭಾತ್, ಮುಂಬೈ ಕಡಲು, ಎಲ್ಲವೂ ಇಂಥ ಕೆಸರು ಪದರಪದರವಾಗಿ ತುಂಬಿದ ತಗ್ಗುಗಳು. ಕಾವೇರಿಯ ಹೆಸರು ಕೇಳಿ ನಮ್ಮದೂ ಅದೇ ಎಂದುಕೊಳ್ಳಬೇಡಿ. ಅಲ್ಲಿ ಅನಿಲ ಸಿಗುವುದು ನದಿ ಕಡಲು ಸೇರುವ ತಂಜಾವೂರು, ನಾಗಪಟ್ಟಣಂ ಕಡೆ. ತಲಕಾವೇರಿಯ ಕೆಳಗಿರುವುದು 300 ಕೋಟಿ ವರ್ಷಕ್ಕೂ ಹಳೆಯ ನೈಸ್ ಮತ್ತು ಚಾರ್ನೊಕೈಟ್ ಬಂಡೆ. ಭೂಮಿಯ ಆಳದಲ್ಲಿ 700 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದು ಬಂದ ಕಲ್ಲು ಅದು. ಅದರಲ್ಲಿ ಅನಿಲದ ಗಣಿ ಹುಡುಕುವ ಭೂವಿಜ್ಞಾನಿ ಸಿಕ್ಕರೆ ಅವರ ಪದವಿಪತ್ರ ಕೇಳಿ ನೋಡಿ.

ಪೇಟೆಯೊಳಗೆ ಅನಿಲ ತೆಗೆಯುತ್ತಾರೆಯೇ ಎಂದರೆ, ಹೌದು. ಅಮೆರಿಕದ ಫೋರ್ಟ್ ವರ್ತ್ ನಗರದ ಕೆಳಗೆ ಬಾರ್ನೆಟ್ ಎಂಬ ಶೇಲ್ ಕಲ್ಲಿನ ಪದರವಿದೆ. ಅಲ್ಲಿ ಮನೆ, ಶಾಲೆ, ಚರ್ಚುಗಳ ನಡುವೆಯೇ ನೂರಾರು ಬಾವಿಗಳಿವೆ. ಬಾವಿಗೂ ಕಟ್ಟಡಕ್ಕೂ 600 ಅಡಿ, ಅಂದರೆ ಸುಮಾರು 180 ಮೀಟರ್ ಅಂತರ ಎಂಬುದು ಆ ನಗರದ ನಿಯಮ. ಲಾಸ್ ಏಂಜಲೀಸ್ ಬೆಳೆದದ್ದೇ ತೈಲಕ್ಷೇತ್ರದ ಮೇಲೆ. ನೆದರ್ಲೆಂಡ್ಸಿನ ಗ್ರೋನಿಂಗನ್ ಯುರೋಪಿನ ಅತಿದೊಡ್ಡ ಅನಿಲಕ್ಷೇತ್ರ. ಮೇಲೆಲ್ಲ ಹಳ್ಳಿ, ಪಟ್ಟಣ.

ಈ ಊರುಗಳಲ್ಲಿ ಏನು ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು; ಗಣಿ ನಮಗೆ ಬರುತ್ತದೆಂದಲ್ಲ, ನಿಮ್ಮ ಬಚ್ಚಲುಮನೆಯಲ್ಲಿ ಕೆಡುವುದಕ್ಕೂ ಅದಕ್ಕೂ ಬೇರು ಒಂದೇ. ಅನಿಲದ ಬಾವಿ ಎಂದರೆ ಒಂದೇ ಕೊಳವೆಯಲ್ಲ. ಅಗಲದ ಉಕ್ಕಿನ ಕೇಸಿಂಗ್, ಅದರೊಳಗೆ ಕಿರಿದು, ಅದರೊಳಗೆ ಇನ್ನೂ ಕಿರಿದು. ಪ್ರತಿಯೊಂದರ ಹೊರಗಡೆ ಸಿಮೆಂಟು. ಎಲ್ಲಕ್ಕೂ ಒಳಗೆ ಟ್ಯೂಬಿಂಗ್, ಅನಿಲ ಅದರಲ್ಲಿ ಮಾತ್ರ ಮೇಲೆ ಬರಬೇಕು. ಟ್ಯೂಬಿಂಗ್ ತೂತಾದರೆ ಕೇಸಿಂಗ್ ತಡೆಯುತ್ತದೆ, ನಡುವಿನ ಖಾಲಿ ಜಾಗದ ಒತ್ತಡ ಏರಿ ಮೇಲಿನ ಮಾಪಕ ಸುಳಿವು ಕೊಡುತ್ತದೆ. ಅನಿಲದ ಸುರಕ್ಷತೆ ಇಡೀ ನಿಂತಿರುವುದು ಈ ಎರಡನೇ ತಡೆಯ ಮೇಲೆ. ಮೊದಲನೆಯದು ಎಂದಾದರೊಂದು ದಿನ ಸೋರುತ್ತದೆ ಎಂದೇ ಲೆಕ್ಕ ಹಾಕಬೇಕು.

ಲಾಸ್ ಏಂಜಲೀಸಿನ ಅಂಚಿನ ಪೋರ್ಟರ್ ರಾಂಚ್ ಬಡಾವಣೆಯ ಮೇಲಿನ ಅಲಿಸೋ ಕ್ಯಾನ್ಯನ್‌ನಲ್ಲಿ ಆದದ್ದು ಇದೇ. 1953ರಲ್ಲಿ ತೈಲಕ್ಕೆಂದು ಕೊರೆದ ಬಾವಿಯನ್ನು ಮುಂದೆ ಅನಿಲ ತುಂಬಿಡಲು ಬಳಸಿದರು. ಹೆಚ್ಚು ಅನಿಲ ಹರಿಯಲಿ ಎಂದು ಟ್ಯೂಬಿಂಗಿನಲ್ಲೂ, ಅದರ ಹೊರಗಿನ 7 ಇಂಚಿನ ಕೇಸಿಂಗಿನಲ್ಲೂ ಬಿಟ್ಟರು. ಅಲ್ಲಿಗೆ ಎರಡು ತಡೆ ಇದ್ದದ್ದು ಒಂದಾಯಿತು. ಆಳದಲ್ಲಿದ್ದ ಸುರಕ್ಷತಾ ಕವಾಟವನ್ನು 1979ರಲ್ಲಿ ತೆಗೆದವರು ಮತ್ತೆ ಹಾಕಲಿಲ್ಲ. ಅಂತರ್ಜಲ ತಾಗಿ, ಸೂಕ್ಷ್ಮಾಣುಗಳಿಂದ ಕೇಸಿಂಗ್ ಹೊರಗಡೆಯಿಂದ ತುಕ್ಕು ಹಿಡಿಯಿತು. 2015ರ ಅಕ್ಟೋಬರ್ 23ರಂದು ಸೋರಿಕೆ ಪತ್ತೆಯಾಯಿತು. ಮುಚ್ಚಿದ್ದು 2016ರ ಫೆಬ್ರವರಿಯಲ್ಲಿ, ಪಕ್ಕದಲ್ಲಿ ಇನ್ನೊಂದು ಬಾವಿ ಕೊರೆದು ಕೆಳಗಿನಿಂದ ಸಿಮೆಂಟು ತುಂಬಿದ ಮೇಲೆ. ಸುಮಾರು ಒಂದು ಲಕ್ಷ ಟನ್ ಮೀಥೇನ್ ಗಾಳಿಗೆ ಹೋಯಿತು, ಸಾವಿರಾರು ಕುಟುಂಬಗಳು ಮನೆ ಬಿಟ್ಟವು.

ಗ್ರೋನಿಂಗನ್ನಿನ ಕಥೆ ಬೇರೆ. ಅಲ್ಲಿ ಕೆಟ್ಟದ್ದು ಕೊಳವೆಯಲ್ಲ, ನೆಲ. 3 ಕಿಲೋಮೀಟರ್ ಆಳದ ಮರಳುಗಲ್ಲಿನಿಂದ ಅನಿಲ ಖಾಲಿಯಾದಂತೆ ಕಲ್ಲು ಕುಗ್ಗಿತು, ಹಳೆಯ ಬಿರುಕುಗಳು ಜಾರಿದವು. 2012ರ ಆಗಸ್ಟಿನಲ್ಲಿ ಹೌಜಿಂಗೆ ಎಂಬ ಹಳ್ಳಿಯಲ್ಲಿ 3.6 ತೀವ್ರತೆಯ ಕಂಪನ. ತೀವ್ರತೆ ಕಡಿಮೆಯಾದರೂ ಕೇಂದ್ರ ತೀರಾ ಮೇಲೆ ಇದ್ದುದರಿಂದ ಇಟ್ಟಿಗೆ ಮನೆಗಳು ಬಿರಿದವು. ಕೊನೆಗೆ 2023ರ ಅಕ್ಟೋಬರ್ 1ರಿಂದ ಉತ್ಪಾದನೆ ನಿಲ್ಲಿಸಿದರು. ಇದನ್ನು ಓದಿದವರು 2022ರ ಜೂನಿನಲ್ಲಿ ಚೆಂಬು, ಪೆರಾಜೆ, ಸುಳ್ಯದ ಕಡೆ ನೆಲ ನಡುಗಿದ್ದನ್ನು ಇದಕ್ಕೆ ಜೋಡಿಸಬಾರದು. ಅಲ್ಲಿ ಯಾರೂ ಏನನ್ನೂ ಹೀರುತ್ತಿರಲಿಲ್ಲ.

ನಮ್ಮ ದೇಶದ ಅನುಭವವೂ ಕಡಿಮೆಯಿಲ್ಲ. ಆಂಧ್ರದ ಪಾಸರ್ಲಪೂಡಿಯಲ್ಲಿ 1995ರ ಜನವರಿಯಲ್ಲಿ ಸಿಡಿದ ಬಾವಿ 65 ದಿನ ಉರಿಯಿತು. ಅಸ್ಸಾಮಿನ ಬಾಘ್‌ಜಾನ್‌ನಲ್ಲಿ 2020ರ ಮೇ 27ರಂದು ದುರಸ್ತಿಯ ವೇಳೆ ಬಾವಿ ಕೈತಪ್ಪಿತು, ಜೂನ್ 9ರಂದು ಬೆಂಕಿ ಹತ್ತಿತು, ನವೆಂಬರ್ ತನಕ ಹಿಡಿತಕ್ಕೆ ಬರಲಿಲ್ಲ. ಆದರೆ ಪೇಟೆಯವರು ಹೆಚ್ಚು ಗಮನಿಸಬೇಕಾದದ್ದು ಆಂಧ್ರದ ನಗರಂ ಎಂಬ ಹಳ್ಳಿಯನ್ನು. 2014ರ ಜೂನ್ 27ರ ಬೆಳಗಿನ ಜಾವ ಅಲ್ಲಿ ಸತ್ತ 20ಕ್ಕೂ ಹೆಚ್ಚು ಜನರ ಪಕ್ಕ ಯಾವ ಬಾವಿಯೂ ಇರಲಿಲ್ಲ. ಮನೆಗಳ ನಡುವೆ ಹಾದುಹೋಗಿದ್ದ 18 ಇಂಚಿನ ಕೊಳವೆ ಮಾತ್ರ ಇತ್ತು. ಒಣ ಅನಿಲ ಸಾಗಬೇಕಾದ ಕೊಳವೆಯಲ್ಲಿ ನೀರಿನಂಶ ಸೇರಿ ಒಳಗಿನಿಂದ ಸವೆದಿತ್ತು. ಸೋರಿದ ಅನಿಲ ಸುತ್ತಲೂ ಹರಡಿ ಕಿಡಿಗೆ ಕಾಯುತ್ತಿತ್ತು.

ಹೀಗಾಗಿ ನಿಮ್ಮ ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು. ನೈಸರ್ಗಿಕ ಅನಿಲದ ದೊಡ್ಡ ಕೊಳವೆ ನಮ್ಮಿಂದ ಬಹಳ ದೂರವೇನೂ ಇಲ್ಲ. ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ ಬರುವ ಸುಮಾರು 450 ಕಿ.ಮೀ. ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಘಟ್ಟ ಹತ್ತಿ ಬಂದ ಅನಿಲ ಪೇಟೆಯೊಳಗೆ ಹೇಗಿರುತ್ತದೆಂದರೆ: ಬೀದಿಯಡಿಯ ಪಾಲಿಎಥಿಲೀನ್ ಕೊಳವೆಯಲ್ಲಿ ಒತ್ತಡ ಹೆಚ್ಚೆಂದರೆ 4 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸುತ್ತಲಿನ ಗಾಳಿಯ ಒತ್ತಡದಷ್ಟು, ಮಿಲಿಬಾರ್ ಅದರ ಸಾವಿರದ ಒಂದು ಪಾಲು). ಮನೆಯ ಹೊರಗೋಡೆಯ ರೆಗ್ಯುಲೇಟರ್ ಅದನ್ನು 100 ಮಿಲಿಬಾರಿಗೆ ಇಳಿಸುತ್ತದೆ, ಮೀಟರಿನ ಬಳಿ ಇನ್ನೊಂದು ರೆಗ್ಯುಲೇಟರ್ 21 ಮಿಲಿಬಾರಿಗೆ. ಸಿಲಿಂಡರಿನ ಒಲೆಗೆ ಹೋಗುವುದು ಸುಮಾರು 30 ಮಿಲಿಬಾರ್, ಆದರೆ ಸಿಲಿಂಡರಿನ ಒಳಗೆ ಹವೆಗೆ ತಕ್ಕಂತೆ 5-6 ಬಾರ್ ಇರುತ್ತದೆ. ಮನೆಯೊಳಗೆ 14 ಕೆ.ಜಿ. ದ್ರವ ಇಂಧನದ ದಾಸ್ತಾನು ಇರುವುದಿಲ್ಲ ಎಂಬುದೇ ಪೈಪಿನ ದೊಡ್ಡ ಲಾಭ. ಸೋರಿದ ಮೀಥೇನ್ (ಪೈಪಿನ ಅನಿಲ ಬಹುಪಾಲು ಇದೇ) ಗಾಳಿಗಿಂತ ಹಗುರ, ಮೇಲೇರಿ ಹೋಗುತ್ತದೆ ಎಂಬುದು ಎರಡನೆಯದು. ಅದು ಹೊತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ 5ರಿಂದ 15 ಶೇಕಡಾ ಇರಬೇಕು. ಎಲ್‌ಪಿಜಿಗೆ 2 ಶೇಕಡಾಕ್ಕೂ ಸ್ವಲ್ಪ ಕಡಿಮೆಯೇ ಸಾಕು. ಸಿಲಿಂಡರ್, ಪೈಪ್ ಎರಡೂ ಸರಿಯಾಗಿ ಜೋಡಿಸಿದ್ದರೆ ಪೈಪೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಆದರೆ ಮಹದೇವಪೇಟೆ ಬಯಲುಸೀಮೆಯ ಬಡಾವಣೆಯಲ್ಲ. ಕಿರಿದಾದ ಇಳಿಜಾರು ರಸ್ತೆ, ಅದರಡಿ ಕುಡಿಯುವ ನೀರು, ಒಳಚರಂಡಿ, ಕೇಬಲ್, ಒಂದರ ಮೇಲೊಂದು. ಬೀದಿ ಕೊಳವೆಗಳಿಗೆ ಜಗತ್ತಿನೆಲ್ಲೆಡೆ ಮೊದಲ ಶತ್ರು ಬೇರೆಯವರ ಜೆಸಿಬಿ. ಕೊಳವೆಯ ಮೇಲೆ ಕನಿಷ್ಠ 1 ಮೀಟರ್ ಮಣ್ಣು, ಕೊಳವೆಗೂ ನೆಲಕ್ಕೂ ನಡುವೆ ಎಚ್ಚರಿಕೆಯ ಪಟ್ಟಿ ಇರಲೇಬೇಕು. ಬಂಡೆ ಅಡ್ಡಬಂತು ಎಂದು ಒಂದೂವರೆ ಅಡಿಯಲ್ಲಿ ಮುಗಿಸಿದರೆ ಅಲ್ಲೇ ನಿಂತು ಫೋಟೊ ತೆಗೆದು ಆಕ್ಷೇಪಿಸಿ. ಮುಚ್ಚಿದ ಮೇಲೆ ಯಾರಿಗೂ ಕಾಣದು. ಇಳಿಜಾರಿನಲ್ಲಿ ಇನ್ನೊಂದು ತೊಡಕಿದೆ. ಸಡಿಲ ಮಣ್ಣು ತುಂಬಿದ ಕಾಲುವೆ ಮಳೆಗಾಲದಲ್ಲಿ ಭೂಗತ ತೋಡಾಗುತ್ತದೆ. ನೀರು ಕೊಳವೆಯ ಗುಂಟ ಹರಿದು ಮಣ್ಣು ಕೊಚ್ಚಿ, ಕೊಳವೆ ಆಧಾರವಿಲ್ಲದೆ ತೂಗಾಡುತ್ತದೆ. 2018ರ ಆಗಸ್ಟಿನಲ್ಲಿ ಬರೆ ಕುಸಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅದಕ್ಕೇ ಇಳಿಜಾರಿನ ಕಾಲುವೆಗೆ ಅಲ್ಲಲ್ಲಿ ಮಣ್ಣುಚೀಲದ ಅಡ್ಡಗಟ್ಟೆ, ಪಕ್ಕಕ್ಕೆ ನೀರು ಬಿಡುವ ದಾರಿ, ಕುಸಿಯುವ ಬರೆಯ ಎರಡೂ ತುದಿಗೆ ಮುಚ್ಚುವ ಕವಾಟ ಬೇಕು.

ಪೈಪ್ ಗ್ಯಾಸಿನ ವಾಸನೆಯ ಬಗ್ಗೆಯೂ ಒಂದು ಮಾತು. ಮೀಥೇನಿಗೆ ವಾಸನೆ ಇಲ್ಲ. ಮರ್‌ಕ್ಯಾಪ್ಟನ್ ಎಂಬ ಗಂಧಕದ ರಾಸಾಯನಿಕ ಬೆರೆಸಿ ಕೊಳೆತ ಎಲೆಕೋಸಿನ ನಾತ ಬರಿಸುತ್ತಾರೆ. ಆದರೆ ನೆಲದಡಿಯ ಸೋರಿಕೆ ಮಣ್ಣಿನ ಮೂಲಕ ಸಾಗಿಬಂದರೆ ಮಣ್ಣು ಆ ವಾಸನೆಯನ್ನು ಹೀರಿಬಿಡಬಲ್ಲದು. ಕೇಬಲ್ ಕೊಳವೆ, ಹಳೆಯ ಚರಂಡಿ ಹಿಡಿದು ಅನಿಲ ಮನೆಯ ತಳಕ್ಕೆ ಬರುತ್ತದೆ, ಮೂಗಿಗೆ ತಿಳಿಯುವುದಿಲ್ಲ. ಗೋಡೆಯೊಳಗೆ ಕೊಳವೆ ಬರುವ ತೂತುಗಳನ್ನೆಲ್ಲ ಸೀಲ್ ಮಾಡಿಸಬೇಕೆಂಬುದು ಇದಕ್ಕೆ.

ಎರಡನೇ ತಡೆ ಇಲ್ಲದಿದ್ದರೆ ಬೀದಿ ಕೊಳವೆಯಲ್ಲಿ ಏನಾಗುತ್ತದೆಂಬುದಕ್ಕೆ ಅಮೆರಿಕದ ಮೆರಿಮ್ಯಾಕ್ ಕಣಿವೆ ಸಾಕ್ಷಿ. 2018ರ ಸೆಪ್ಟೆಂಬರ್ 13ರಂದು ಹಳೆಯ ಬೀಡುಕಬ್ಬಿಣದ ಕೊಳವೆ ಬದಲಿಸುತ್ತಿದ್ದರು. ಒತ್ತಡ ಅಳೆಯುವ ಸಣ್ಣ ಕೊಳವೆಗಳು ಇನ್ನೂ ಕೈಬಿಟ್ಟ ಹಳೆಯ ಲೈನಿಗೇ ಜೋಡಿಸಿದ್ದವು. ಹಳೆಯದರಲ್ಲಿ ಒತ್ತಡ ಇಳಿದಂತೆ ರೆಗ್ಯುಲೇಟರುಗಳು ಇನ್ನಷ್ಟು ತೆರೆದುಕೊಂಡು ಹೊಸ ಲೈನಿಗೆ ಅತಿಯಾದ ಒತ್ತಡ ತಳ್ಳಿದವು. ಮನೆಮನೆಗೆ ಬೇರೆ ರೆಗ್ಯುಲೇಟರ್ ಇರಲಿಲ್ಲ. ಒಂದೇ ಸಂಜೆ ನೂರಕ್ಕೂ ಹೆಚ್ಚು ಕಟ್ಟಡಗಳಿಗೆ ಹಾನಿ, ಒಂದು ಸಾವು. ಗುತ್ತಿಗೆದಾರರು ನಿಮ್ಮ ಮನೆಯ ಹೊರಗೋಡೆಗೆ ರೆಗ್ಯುಲೇಟರ್ ಜೋಡಿಸುವಾಗ ಗೋಡೆಯ ಅಂದ ಕೆಡುತ್ತದೆ ಎಂದು ಮನೆಯವರು ಜಗಳ ಮಾಡುವುದುಂಟು. ಮಾಡಬೇಡಿ.

ಪೈಪ್ ಬಂದ ದಿನ ಅಡುಗೆಮನೆಯಲ್ಲಿ ಎರಡು ಸಂಗತಿ ಬದಲಾಗುತ್ತವೆ. ಒಲೆಯ ಜೆಟ್ ಬದಲಿಸಬೇಕು: ಒಂದು ಘನ ಮೀಟರ್ ಮೀಥೇನಿನಲ್ಲಿ ಎಲ್‌ಪಿಜಿಯ ಅರ್ಧಕ್ಕೂ ಕಡಿಮೆ ಶಾಖ, ಹಾಗಾಗಿ ತೂತು ದೊಡ್ಡದು ಬೇಕು. ಆ ದೊಡ್ಡ ಜೆಟ್ಟಿನ ಒಲೆಯನ್ನು ಆಮೇಲೆ ತೋಟದ ಮನೆಗೆ ಒಯ್ದು ಸಿಲಿಂಡರಿಗೆ ಜೋಡಿಸಿದರೆ ಹಳದಿ ಜ್ವಾಲೆ ಮೊಳದುದ್ದ ಏಳುತ್ತದೆ. ಎರಡನೆಯದು ಗಾಳಿಕಿಂಡಿಯ ಜಾಗ. ಎಲ್‌ಪಿಜಿ ಗಾಳಿಗಿಂತ ಹೆಚ್ಚುಕಡಿಮೆ ಇಮ್ಮಡಿ ಭಾರ, ಅದಕ್ಕೆ ನೆಲಮಟ್ಟದಲ್ಲಿ ಕಿಂಡಿ ಬೇಕು. ಮೀಥೇನಿಗೆ ಮಾಡಿನ ಕೆಳಗೆ. ಹಳೆಯ ಹೆಂಚಿನ ಮನೆಗಳು ತಾವಾಗಿಯೇ ಉಸಿರಾಡುತ್ತವೆ. ಆರ್‌ಸಿಸಿ ಹಾಕಿ ಕೆಳಗೆ ಫಾಲ್ಸ್ ಸೀಲಿಂಗ್ ಕಟ್ಟಿಸಿದವರು ಅದರ ಮೇಲೆ ಅನಿಲ ಸೇರಲು ಒಂದು ಗುಪ್ತ ಕೋಣೆ ಕಟ್ಟಿಸಿದ್ದಾರೆ ಎಂದೇ ತಿಳಿಯಬೇಕು.

ಪೈಪ್ ಬರುವ ತನಕ ನಿಮ್ಮಲ್ಲಿರುವುದು ಸಿಲಿಂಡರ್. ಇಳಿಜಾರಿನ ಊರಿನಲ್ಲಿ ಎಲ್‌ಪಿಜಿ ಸೋರಿದರೆ ಅದು ನೀರಿನ ಹಾಗೆ ಮೆಟ್ಟಿಲಿಳಿದು, ಚರಂಡಿ ಹಿಡಿದು ಕೆಳಗಿನ ಮನೆಗೆ ಹೋಗುತ್ತದೆ. ಸೋರಿದವರು ಒಬ್ಬರು, ಸುಟ್ಟುಕೊಳ್ಳುವವರು ಇನ್ನೊಬ್ಬರು. ಮುಂದೆ ರಸ್ತೆಮಟ್ಟ, ಹಿಂದೆ ಒಂದು ಅಂತಸ್ತು ಕೆಳಗೆ ನೆಲಮಾಳಿಗೆ, ಇಂಥ ಕಟ್ಟಡಗಳೇ ನಮ್ಮಲ್ಲಿ ಹೆಚ್ಚು. ನೆಲಮಾಳಿಗೆಯಲ್ಲಿ ಒಂದೇ ಒಂದು ಸಿಲಿಂಡರ್ ಕೂಡ ಇಡಬಾರದು. ಹೊರಗೆ, ಬಿಸಿಲು-ಮಳೆಗೆ ಮಾಡು ಇರುವ, ಮೂರು ಬದಿ ತೆರೆದ ಜಾಲರಿ ಗೂಡಿನಲ್ಲಿ, ಚರಂಡಿ ಬಾಯಿಯಿಂದ 3 ಮೀಟರಾದರೂ ದೂರವಿರಲಿ. ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಎಲ್‌ಪಿಜಿಯ ಮಿತಿ ಒಟ್ಟು 100 ಕೆ.ಜಿ. ವಾಣಿಜ್ಯದ 19 ಕೆ.ಜಿ. ಸಿಲಿಂಡರಾದರೆ ಐದು, ಅಷ್ಟೇ. ಅತಿಥಿಗಳಿಗೆ ಹಣಕ್ಕೆ ಅಡುಗೆ ಮಾಡಿದರೆ ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್ ಬಳಸುವಂತಿಲ್ಲ ಎಂಬುದನ್ನೂ ನೆನಪಿಡಿ.

ಒಂದು ಲೆಕ್ಕ. 10 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ಅಡುಗೆಮನೆಯ ಗಾಳಿ ಸುಮಾರು 25 ಘನ ಮೀಟರ್. ಅದನ್ನಿಡೀ ಹೊತ್ತಿಕೊಳ್ಳುವಂತೆ ಮಾಡಲು ಸುಮಾರು 1 ಕೆ.ಜಿ. ಎಲ್‌ಪಿಜಿ ಸಾಕು. ಅನಿಲ ನೆಲದ ಮೇಲೆ ಮಂದವಾಗಿ ನಿಲ್ಲುವುದರಿಂದ ನಿಜದಲ್ಲಿ ಅದಕ್ಕೂ ಕಡಿಮೆ.

ಸೋರುವ ಜಾಗಗಳು ಮೂರೇ. ಮೊದಲನೆಯದು ಸಿಲಿಂಡರ್ ಬಾಯಿಯೊಳಗಿನ ಕಪ್ಪು ರಬ್ಬರ್ ಉಂಗುರ. ಹೊಸ ಸಿಲಿಂಡರ್ ಬಂದಾಗ ತಂದವರ ಎದುರೇ ಮುಚ್ಚಳ ತೆಗೆಸಿ, ಉಂಗುರ ಇದೆಯೇ, ಹರಿದಿದೆಯೇ ನೋಡಿ. ಬಾಯಿಗೆ ನಾಲ್ಕು ಹನಿ ಸೋಪುನೀರು ಬಿಡಿ, ಗುಳ್ಳೆ ಎದ್ದರೆ ವಾಪಸು ಕಳಿಸಿ. ಹಿಡಿಯ ಒಳಬದಿಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರ ಮತ್ತು ಎರಡಂಕಿ ಬರೆದಿರುತ್ತಾರೆ. ಎ ಅಂದರೆ ಮಾರ್ಚ್ ತನಕ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಅಂಕಿ ಇಸವಿ. ಅದು ಮರುಪರೀಕ್ಷೆಯ ಗಡುವು. ಗಡುವು ಮೀರಿದ್ದನ್ನು ಇಳಿಸಿಕೊಳ್ಳಬೇಡಿ. ಎರಡನೆಯದು ರಬ್ಬರ್ ಹೋಸ್. ಐಎಸ್‌ಐ ಗುರುತಿನ, ಒಳಗೆ ತಂತಿಜಾಲ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಹೋಸನ್ನೇ ಹಾಕಿ, ಐದು ವರ್ಷಕ್ಕೆ ಬದಲಿಸಿ, ಉದ್ದ ಒಂದೂವರೆ ಮೀಟರ್ ದಾಟದಿರಲಿ. ಮುಂಗಾರು ಹಿಡಿದ ಕೂಡಲೇ ತೋಟದ ಇಲಿಗಳು ಮನೆಯೊಳಗೆ ಬರುತ್ತವೆ, ಸಾದಾ ರಬ್ಬರನ್ನು ಒಂದೇ ರಾತ್ರಿಯಲ್ಲಿ ಕಡಿಯುತ್ತವೆ. ಮೂರನೆಯದು ಒಲೆಯ ಗುಬುಟು. ಉಕ್ಕಿದ ಹಾಲು ಒಳಗಿಳಿದು ಗ್ರೀಸ್ ಒಣಗಿದರೆ ಸೋರುತ್ತದೆ.

ಚಳಿಗಾಲದ ಬೆಳಗ್ಗೆ ಒಂದೇ ಸಿಲಿಂಡರಿನಿಂದ ಮೂರು ದೊಡ್ಡ ಒಲೆ ಉರಿಸಿದರೆ ಸಿಲಿಂಡರಿನ ಮೈಗೆ ಹಿಮ ಕಟ್ಟಿ ಜ್ವಾಲೆ ಸಣ್ಣದಾಗುತ್ತದೆ. ನಮ್ಮ ಎಲ್‌ಪಿಜಿಯಲ್ಲಿ ಬ್ಯುಟೇನ್ ಪಾಲು ದೊಡ್ಡದು. ಅದು ಕುದಿಯುವುದೇ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ ತಣ್ಣಗಾದಂತೆ ಆವಿಯಾಗಲು ಒಲ್ಲದು. ಆಗ ಸಿಲಿಂಡರನ್ನು ಬಿಸಿನೀರಿನಲ್ಲಿ ನಿಲ್ಲಿಸುವುದು, ಮಲಗಿಸುವುದು, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಮಲಗಿಸಿದರೆ ಆವಿಯ ಬದಲು ದ್ರವ ಹೊರಡುತ್ತದೆ, ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಒಲೆಯ ಬಾಯಲ್ಲಿ ಏನಾಗುತ್ತದೆಂದು ಊಹಿಸಿಕೊಳ್ಳಿ. ಪರಿಹಾರ ಇಷ್ಟೇ: ಎರಡು ಸಿಲಿಂಡರ್ ಸೇರಿಸಿ ಎಳೆಯುವ ಮ್ಯಾನಿಫೋಲ್ಡನ್ನು ವಿತರಕರ ಮೆಕ್ಯಾನಿಕ್ಕಿನಿಂದಲೇ ಹಾಕಿಸಿ.

ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಇದೆ. ರೆಗ್ಯುಲೇಟರ್ ಮುಚ್ಚಿ, ತೆಗೆದು, ಸಿಲಿಂಡರಿಗೆ ಮುಚ್ಚಳ ಒತ್ತಿ, ಬಾಗಿಲು ತೆರೆದು ಹೊರಗೆ ಹೋಗಿ. ಫೋನ್ ಹೊರಗಿನಿಂದ: ಎಲ್‌ಪಿಜಿ ತುರ್ತಿಗೆ 1906, ಬೆಂಕಿಗೆ 112. ಕೆಳಗಿನ ಮನೆಯವರಿಗೆ ಕೂಗಿ ಹೇಳಿ.

ಇಷ್ಟೆಲ್ಲ ಹೇಳಿದರೂ ನಿಮ್ಮ ಪತ್ರದಲ್ಲಿ ನೀವು ಕೇಳದೇ ಬಿಟ್ಟ ಸಂಗತಿಯೇ ನನಗೆ ಎಲ್ಲಕ್ಕಿಂತ ಆತಂಕದ್ದು. ಹೋಂಸ್ಟೇಯ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆಯೇ? ಕೊಡಗಿನಲ್ಲಿ ಕರೆಂಟು ಹೋಗುವುದು ಹೆಚ್ಚು, ಅತಿಥಿಗಳಿಗೆ ಬಿಸಿನೀರು ತಪ್ಪಬಾರದು, ಹಾಗಾಗಿ ಇದ್ದೇ ಇರುತ್ತದೆ. ನಿಮಿಷಕ್ಕೆ 6 ಲೀಟರಿನ ಗೀಸರ್ ಗಂಟೆಗೆ ಸುಮಾರು 0.9 ಕೆ.ಜಿ. ಅನಿಲ ಉರಿಸುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಕಡಲತೀರದಲ್ಲಿ 12-13 ಘನ ಮೀಟರ್ ಗಾಳಿ ಬೇಕು. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯ ತೆಳು ಗಾಳಿಯಲ್ಲಿ 14ಕ್ಕೂ ಹೆಚ್ಚು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಿನಲ್ಲಿ ಇರುವ ಒಟ್ಟು ಗಾಳಿ 8 ಘನ ಮೀಟರೂ ಇಲ್ಲ. ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿ ಗೀಸರ್ 20 ನಿಮಿಷ ಉರಿದರೆ ಅರ್ಧಕ್ಕಿಂತ ಹೆಚ್ಚಿನ ಗಾಳಿ ಉರಿಗೇ ಹೋಯಿತು. ಆಮ್ಲಜನಕ ಕಡಿಮೆಯಾದಂತೆ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮರ್‌ಕ್ಯಾಪ್ಟನ್ ಕೂಡ ಜ್ವಾಲೆಯಲ್ಲಿ ಸುಟ್ಟುಹೋಗಿರುತ್ತದೆ.

ಬೇಸಿಗೆಯಲ್ಲಿ ಕಿಟಕಿ ತೆರೆದಿರುವಾಗ ಇದೇ ಗೀಸರ್ ಏನೂ ಮಾಡುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಇರಚಲು ಹೊಡೆಯದಿರಲೆಂದು ವೆಂಟಿಲೇಟರಿಗೆ ಪ್ಲಾಸ್ಟಿಕ್ ಹೊಡೆಯುತ್ತಾರೆ, ಅತಿಥಿಗಳು ಚಳಿಗೆ ಎಲ್ಲ ಮುಚ್ಚುತ್ತಾರೆ. ಆಗ. ಈ ಅನಿಲ ರಕ್ತದ ಹಿಮೋಗ್ಲೋಬಿನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಮಂಪರು. ಅಪಾಯ ಅರಿವಾಗುವ ಹೊತ್ತಿಗೆ ಕಾಲು ಸೋತು ಚಿಲಕ ತೆಗೆಯಲು ಏಳಲಾಗುವುದಿಲ್ಲ.

ಗೀಸರನ್ನು ಬಚ್ಚಲಿನಿಂದ ಹೊರಗಿನ ಗೋಡೆಗೆ ಸಾಗಿಸಿ, ಬಿಸಿನೀರು ಮಾತ್ರ ಒಳಗೆ ಬರಲಿ. ಸಿಲಿಂಡರೂ ಹೊರಗೆ. ಇದಕ್ಕೆ ಬದಲಿಯಾದ ಅರ್ಧ ಪರಿಹಾರ ಯಾವುದೂ ಇಲ್ಲ. ಎಕ್ಸಾಸ್ಟ್ ಫ್ಯಾನ್ ಕರೆಂಟು ಹೋದಾಗ ನಿಲ್ಲುತ್ತದೆ, ಗ್ಯಾಸ್ ಗೀಸರ್ ಬಳಸುವುದೇ ಕರೆಂಟು ಹೋದಾಗ. ಪಕ್ಕದ ಮಲಗುವ ಕೋಣೆಯಲ್ಲಿ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡಿ, ಮಲಗಿದವರ ಮೂಗಿನ ಮಟ್ಟಕ್ಕೆ. ಯುರೋಪಿನ ಮಾನದಂಡದ ಅಲಾರಂ 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು) ಮುಟ್ಟಿದ 3 ನಿಮಿಷದೊಳಗೆ ಕೂಗಬೇಕು. ಅಂಗಡಿಯಲ್ಲಿ ಗ್ಯಾಸ್ ಡಿಟೆಕ್ಟರ್ ಎಂದು ಕೊಡುವುದು ಬೇರೆ: ಅದು ಎಲ್‌ಪಿಜಿ ಸೋರಿಕೆಗೆ, ನೆಲದಿಂದ ಒಂದು ಅಡಿಯೊಳಗೆ ಹಾಕಬೇಕಾದದ್ದು. ಅದು ಈ ವಿಷಕ್ಕೆ ಕಿವುಡು.

ಯಾರಾದರೂ ಬಚ್ಚಲಿನಲ್ಲಿ ಕುಸಿದದ್ದು ಕಂಡರೆ ಉಸಿರು ಹಿಡಿದು ಒಳಹೋಗಿ ಕಿಟಕಿ ತೆರೆಯಿರಿ ಅಥವಾ ಒಡೆಯಿರಿ, ಗೀಸರ್ ಆರಿಸಿ, ಹೊರಗೆಳೆದು ಬಯಲಿಗೆ ತನ್ನಿ. ಉಸಿರು ನಿಂತಿದ್ದರೆ ಎದೆ ಒತ್ತಲು ಶುರುಮಾಡಿ, 112ಕ್ಕೆ ಕರೆ ಮಾಡಿಸಿ. ಆಸ್ಪತ್ರೆಯಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಬಹುದು. ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತವನ್ನು ಅದು ಆಮ್ಲಜನಕ ಹೊತ್ತ ರಕ್ತವೆಂದೇ ಓದುತ್ತದೆ. ಆ ಅಂಕಿ ನೋಡಿ ಮನೆಗೆ ಕರೆತರಬೇಡಿ; ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ವೈದ್ಯರಿಗೆ ಮೊದಲೇ ಹೇಳಿ, ಮಾಸ್ಕಿನಲ್ಲಿ ಪೂರ್ಣ ಆಮ್ಲಜನಕ ಹಾಕಿಸಿ, ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ (ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್) ಎಷ್ಟಿದೆ ಎಂದು ಅಳೆಯಲು ಕೇಳಿ.